6 ಡಿಗ್ರಿ ನೀರಿಗೆ ಯಾವ ಡ್ರೈಸೂಟ್, ಯಾವ ಗ್ಲೌಸ್, ಯಾವ ಹೀಟಿಂಗ್?

ನೇತ್ರಾಣಿಯಲ್ಲಿ ಡೈವಿಂಗ್ ಕಲಿತು ಬ್ರಿಟನ್ನಿಗೆ ಬಂದವರು ನನ್ನನ್ನು ಮೊದಲು ಕೇಳುವುದೇ ಇದು: ಇನ್ನೂ ದಪ್ಪದ ವೆಟ್‌ಸೂಟ್ ತಗೊಂಡರೆ ಸಾಲದಾ? ಬೇಸಿಗೆಯಲ್ಲಿ ದಡದ ಹತ್ತಿರ ಸ್ವಲ್ಪ ಹೊತ್ತು ಮುಳುಗೇಳುವುದಕ್ಕೆ ಸಾಕಾದೀತು. ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಎಂಬ ಕೊಲ್ಲಿಗೆ ಸಾಲದು, ಅಲ್ಲಿಗೆ ಮೈಗೆ ನೀರು ತಾಗದ, ಒಳಗೆ ಗಾಳಿ ತುಂಬಿಕೊಳ್ಳುವ ಡ್ರೈಸೂಟ್ ಬೇಕು. 1919ರ ಜೂನ್ 21ರಂದು ಜರ್ಮನರು ತಾವೇ ಮುಳುಗಿಸಿದ ತಮ್ಮ ಹಡಗುಗಳಲ್ಲಿ ಮೂರು ಯುದ್ಧನೌಕೆಗಳೂ ನಾಲ್ಕು ಕ್ರೂಸರ್‌ಗಳೂ ಇನ್ನೂ ಅಲ್ಲಿ ಬಿದ್ದಿವೆ. ಮಾರ್ಕ್‌ಗ್ರಾಫ್ ಸುಮಾರು 45 ಮೀಟರ್ ಆಳದಲ್ಲಿ ಬೋರಲಾಗಿದೆ. ಬೇಸಿಗೆಯ ಕೊನೆಗೆ ನೀರು 13–14 ಡಿಗ್ರಿಗೆ ಬರುತ್ತದೆ. ವಸಂತದಲ್ಲಿ ಹೋದರೆ ಅದು 6–8 ಡಿಗ್ರಿ. ಕೆಳಗೆ ಅರ್ಧ ಗಂಟೆ ಕಳೆದರೆ, ಮೇಲೆ ಬರುವಾಗ ಹಂತಹಂತವಾಗಿ ನಿಂತು ಡಿಕಂಪ್ರೆಷನ್ (ಆಳದಲ್ಲಿ ಮೈಗೆ ಸೇರಿದ ಅನಿಲವನ್ನು ಮೆಲ್ಲಗೆ ಹೊರಬಿಡುವುದು) ಮುಗಿಸಬೇಕು. ಆಗ ಕೈಕಾಲಿಗೆ ಕೆಲಸವಿಲ್ಲ, ಚಳಿ ಹತ್ತುವುದೇ ಆಗ.

ಆದ್ದರಿಂದ ನಾನು ಪ್ರತಿ ಸಾಮಾನನ್ನೂ ಅಳೆಯುವುದು 6 ಮೀಟರಿನ ಕೊನೆಯ ನಿಲುಗಡೆಯಲ್ಲಿ. ಇದಕ್ಕೆ ಗಟ್ಟಿ ಆಧಾರವಿದೆ. ಅಮೆರಿಕದ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕದ 2007ರ ವರದಿಯ ಪ್ರಕಾರ, ತಳದಲ್ಲಿ ಬೆಚ್ಚಗಿದ್ದು ಮೇಲೆ ಬರುವಾಗ ತಣ್ಣಗಾದವರಲ್ಲಿ 32 ಡೈವ್‌ಗೆ 7 ಸಲ ಬೆಂಡ್ಸ್ (ಆ ಅನಿಲ ಮೈಯೊಳಗೇ ಗುಳ್ಳೆಕಟ್ಟುವ ಕಾಯಿಲೆ) ಆಯಿತು. ತಳದಲ್ಲಿ ತಣ್ಣಗಿದ್ದು ಮೇಲೆ ಬರುವಾಗ ಬೆಚ್ಚಗಿದ್ದವರು ಅದರ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ತಳದಲ್ಲಿದ್ದರೂ 158ಕ್ಕೆ 2 ಮಾತ್ರ. ಮೈ ಬೆಚ್ಚಗಿದ್ದರೆ ರಕ್ತ ಚೆನ್ನಾಗಿ ಹರಿದು ಅನಿಲ ಬೇಗ ಒಳಸೇರುತ್ತದೆ. ತಣ್ಣಗಾದರೆ ರಕ್ತನಾಳ ಬಿಗಿದು, ಸೇರಿದ ಅನಿಲ ಹೊರಬರಲು ತಡವಾಗುತ್ತದೆ.

ಮೊದಲು ಸೂಟ್. ಟ್ರೈಲ್ಯಾಮಿನೇಟ್ ಎಂದರೆ ಎರಡು ಬಟ್ಟೆಯ ನಡುವೆ ಬ್ಯೂಟೈಲ್ ರಬ್ಬರಿನ ಪದರ. ರೇನ್‌ಕೋಟ್ ಇದ್ದ ಹಾಗೆ ನೀರು ತಡೆಯುತ್ತದೆ ಅಷ್ಟೇ, ಬೆಚ್ಚಗಿಡುವ ಭಾರವೆಲ್ಲ ಒಳಗಿನ ಅಂಡರ್‌ಸೂಟ್‌ನ ಮೇಲೆ. ನಿಯೋಪ್ರೀನ್ ಎಂದರೆ ಸಣ್ಣ ಅನಿಲದ ಗುಳ್ಳೆ ತುಂಬಿದ ರಬ್ಬರ್; ಕಂಪ್ರೆಸ್ಡ್ ನಿಯೋಪ್ರೀನ್ ಸೂಟ್ ಮೊದಲೇ ಒತ್ತಿ ತೆಳುಮಾಡಿದ್ದು, ತಾನೂ ಒಂದಿಷ್ಟು ಬೆಚ್ಚಗಿಡುತ್ತದೆ. ಒತ್ತದ ಮಾಮೂಲಿ ನಿಯೋಪ್ರೀನನ್ನು ನಾನು ಲೆಕ್ಕಕ್ಕೇ ತಗೊಂಡಿಲ್ಲ. 45 ಮೀಟರಿನಲ್ಲಿ ಒತ್ತಡ ಐದೂವರೆ ಪಟ್ಟು, ಅದರ ಗುಳ್ಳೆಗಳೆಲ್ಲ ಕುಗ್ಗಿ ಬೆಚ್ಚಗಿಡುವ ಶಕ್ತಿ ಬಹುಪಾಲು ಹೋಗುತ್ತದೆ.

ಎರಡನ್ನೂ ಚಳಿಗಾಲದಲ್ಲಿ ಲೆಸ್ಟರ್‌ಶೈರಿನ ಸ್ಟೋನಿ ಕೋವ್‌ನಲ್ಲಿ ಹಾಕಿ ನೋಡಿದೆ. ಅದು ನೀರು ತುಂಬಿದ ಹಳೆಯ ಕಲ್ಲು ಕ್ವಾರಿ, 36 ಮೀಟರ್ ಆಳ. ಆಮೇಲೆ ಎರಡನ್ನೂ ಸ್ಕಾಪಾಕ್ಕೂ ಒಯ್ದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಮೈ ತಾಗಿದರೂ ನಿಯೋಪ್ರೀನ್ ಜಗ್ಗುವುದಿಲ್ಲ. ಸೂಟಿನೊಳಗೆ ನೀರು ನುಗ್ಗಿದರೂ ಸ್ವಲ್ಪ ಕಾಪಾಡುತ್ತದೆ. ಟ್ರೈಲ್ಯಾಮಿನೇಟ್‌ನಲ್ಲಿ ನೀರು ನುಗ್ಗಿದರೆ ಒದ್ದೆ ಅಂಡರ್‌ಸೂಟ್ ಒಂದೇ ಗತಿ. ಇಷ್ಟಾದರೂ ನನ್ನ ಆಯ್ಕೆ ಟ್ರೈಲ್ಯಾಮಿನೇಟ್. ಅಂಡರ್‌ಸೂಟ್ ಬದಲಾಯಿಸಿದರೆ ಅದೇ ಸೂಟ್ 6 ಡಿಗ್ರಿಗೂ ಆಗುತ್ತದೆ, 14ಕ್ಕೂ ಆಗುತ್ತದೆ. ರಾತ್ರಿ ದೋಣಿಯಲ್ಲಿ ನೇತುಹಾಕಿದರೆ ಬೆಳಿಗ್ಗೆ ಒಣಗಿರುತ್ತದೆ. ನಿಯೋಪ್ರೀನ್ ತೋಳು ಒದ್ದೆಯಾಗೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಟ್ರೈಲ್ಯಾಮಿನೇಟ್‌ನಲ್ಲಿ ತೋಳು ಸಲೀಸಾಗಿ ಎತ್ತಬಹುದು. ಬೆನ್ನ ಮೇಲೆ ಜೋಡಿ ಸಿಲಿಂಡರ್ ಹೊತ್ತವರು ತಲೆಯ ಹಿಂದೆ ಕೈ ಒಯ್ದು ವಾಲ್ವ್ ಮುಚ್ಚಲೇಬೇಕಾದ ಗಳಿಗೆ ಬರಬಹುದು. ನಿಯೋಪ್ರೀನ್‌ನ ಬಿಗಿ ಭುಜದಲ್ಲಿ ನನ್ನ ಬೆರಳು ವಾಲ್ವಿನ ಗುಬ್ಬಿಗೆ ತಾಗುತ್ತಿತ್ತು, ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅಂಗಡಿಯಲ್ಲಿ ಸೂಟ್ ನೋಡುವಾಗ ದಪ್ಪ ಅಂಡರ್‌ಸೂಟ್ ಹಾಕಿಕೊಂಡೇ ಎರಡೂ ಕೈ ಹಿಂದಕ್ಕೆ ಒಯ್ದು ನೋಡಿ. ಆಗದಿದ್ದರೆ ಆ ಸೂಟ್ ಬೇಡ, ಎಷ್ಟೇ ಕಡಿಮೆಗೆ ಕೊಟ್ಟರೂ.

ಗ್ಲೌಸ್ ವಿಷಯಕ್ಕೆ ಹೆಚ್ಚು ಜನ ಗಮನ ಕೊಡುವುದಿಲ್ಲ, ನನಗಂತೂ ಸೂಟಿನಷ್ಟೇ ಮುಖ್ಯ. 5 ಮಿ.ಮೀ.ನ ನಿಯೋಪ್ರೀನ್ ಒದ್ದೆ ಗ್ಲೌಸ್ ಅಗ್ಗ, ಹರಿದರೂ ಅನಾಹುತವಿಲ್ಲ, ಇಳಿದ ಹೊಸದರಲ್ಲಿ ಬೆರಳಿಗೆ ಸ್ಪರ್ಶವೂ ಚೆನ್ನಾಗಿ ತಿಳಿಯುತ್ತದೆ. ತೊಂದರೆ ಶುರುವಾಗುವುದು 21 ಮೀಟರಿನಲ್ಲಿ. ಅಲ್ಲಿ ಶೇ. 50 ಆಮ್ಲಜನಕದ ಸಿಲಿಂಡರಿಗೆ ಬದಲಾಗಬೇಕು: ಲೇಬಲ್ ಓದಿ, ವಾಲ್ವ್ ತೆರೆದು, ಅದರಿಂದ ಉಸಿರೆಳೆಯುವ ಸಾಧನ, ಅಂದರೆ ರೆಗ್ಯುಲೇಟರ್ ಬಿಚ್ಚಿ ಬಾಯಿಗೆ ಇಡಬೇಕು. ಹೆಬ್ಬೆರಳು ಮರಗಟ್ಟಿದ್ದರೆ ಕೊಕ್ಕೆಯ ಸಣ್ಣ ಗುಂಡಿಯನ್ನು ಹಿಂದಕ್ಕೆಳೆಯಲು ಆಗುವುದಿಲ್ಲ. ಎಳೆದೆ ಅಂದುಕೊಳ್ಳುತ್ತೀರಿ, ಅದು ಅಲ್ಲೇ ಇರುತ್ತದೆ. ಕಣ್ಣಿಟ್ಟು ನೋಡಿಯೇ ಖಾತ್ರಿ ಮಾಡಿಕೊಳ್ಳಬೇಕು.

ಸೂಟಿಗೆ ರಿಂಗ್‌ನಿಂದ ಸೇರಿಸುವ ಡ್ರೈ ಗ್ಲೌಸ್, ಒಳಗೆ ಉಣ್ಣೆಯ ಗ್ಲೌಸ್ ಹಾಕಿದರೆ, ಕೊನೆಯ ನಿಲುಗಡೆಯಲ್ಲೂ ಬೆರಳು ಆಡುತ್ತದೆ. ಸ್ಪರ್ಶ ಮಂದ, ಆದರೆ ಮೊದಲಿಂದ ಕೊನೆವರೆಗೂ ಒಂದೇ ಸಮ. ಇಲ್ಲಿ ಎರಡು ಸೂಕ್ಷ್ಮಗಳಿವೆ. ಸೂಟಿನ ಗಾಳಿ ಗ್ಲೌಸಿಗೆ ಹೋಗದಿದ್ದರೆ ಆಳಕ್ಕೆ ಇಳಿದಂತೆ ಅದು ಕೈಯನ್ನು ಹಿಂಡುತ್ತದೆ. ಅದಕ್ಕೆ ಮಣಿಕಟ್ಟಿನ ಸೀಲ್ ಕೆಳಗೆ ತೆಳು ದಾರ ತೂರಿಸುತ್ತಾರೆ. ಸೀಲನ್ನೇ ತೆಗೆದುಬಿಡುವವರೂ ಇದ್ದಾರೆ. ಹಾಗೆ ತೆಗೆದ ಮೇಲೆ ಗ್ಲೌಸ್ ತೂತಾದರೆ ನೀರು ನೇರ ತೋಳಿಗೆ, ಮೈಗೆ. ನಾನು ಸೀಲ್ ಉಳಿಸಿಕೊಂಡು ದಾರ ಹಾಕುತ್ತೇನೆ. ದಾರದ ಗುಂಟ ನೀರು ಜಿನುಗಬಹುದು, ಸುರಿಯುವುದಿಲ್ಲ.

ಇನ್ನು ಆರ್ಗಾನ್. ಅದರ ಉಷ್ಣವಾಹಕತೆ ಗಾಳಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಎಂದು ಸೂಟಿಗೆ ತುಂಬುತ್ತಾರೆ. ನಾನು ಗಾಳಿಯನ್ನೂ ಆರ್ಗಾನನ್ನೂ ತುಂಬಿಕೊಂಡು ಇಳಿದಿದ್ದೇನೆ, ವ್ಯತ್ಯಾಸ ಗೊತ್ತಾಗಲಿಲ್ಲ. ಡಚ್ ನೌಕಾಪಡೆಯ ಡೈವರ್‌ಗಳ ಮೇಲೆ, ಯಾವ ಅನಿಲವೆಂದು ಅವರಿಗೆ ತಿಳಿಸದೆ ನಡೆಸಿದ ಪ್ರಯೋಗದಲ್ಲೂ ಲಾಭ ಕಾಣಲಿಲ್ಲ. ಅದರ ಖರ್ಚನ್ನು ಒಳ್ಳೆಯ ಅಂಡರ್‌ಸೂಟ್‌ಗೆ ಹಾಕಿ. ಆದರೆ ಟ್ರೈಮಿಕ್ಸ್ (ಆಮ್ಲಜನಕ, ಸಾರಜನಕ, ಹೀಲಿಯಂನ ಮಿಶ್ರಣ) ಉಸಿರಾಡುವವರು ಸೂಟಿಗೆ ಅದನ್ನೇ ಬಿಡಬಾರದು. ಹೀಲಿಯಂ ಗಾಳಿಗಿಂತ ಆರು ಪಟ್ಟು ಬೇಗ ಶಾಖ ಒಯ್ಯುತ್ತದೆ. ಗಾಳಿಯ ಪುಟ್ಟ ಸಿಲಿಂಡರ್ ಬೇರೆಯೇ ಇರಲಿ.

ಬ್ಯಾಟರಿಯ ಹೀಟಿಂಗ್ ವೆಸ್ಟ್ ಮಾತ್ರ ನಿಜಕ್ಕೂ ಉಪಯೋಗದ ವಸ್ತು. ಬ್ಯಾಟರಿ ಸೂಟಿನ ಒಳಗೆ ಇರುವುದು, ಹೊರಗೆ ಡಬ್ಬಿಯಲ್ಲಿ ಇರುವುದು, ಎರಡು ಬಗೆ. ಒಳಗಿನದು ಅಗ್ಗ, ಸೂಟಿಗೆ ವಾಲ್ವ್ ಕೂರಿಸುವ ತಂಟೆಯಿಲ್ಲ. ಆದರೆ ಅದು ಕೆಟ್ಟು ಬಿಸಿಯಾದರೆ ನೀರಿನಡಿ ಏನೂ ಮಾಡಲಾಗದು. ಹೊರಗಿನದಾದರೆ ಕೇಬಲ್ ಕಿತ್ತರೆ ಮುಗಿಯಿತು, ಹಾಗಾಗಿ ನಾನು ಅದನ್ನೇ ಬಳಸುತ್ತೇನೆ. ಇಳಿಯುವಾಗ, ತಳದಲ್ಲಿ ಆರಿಸಿಟ್ಟು, 21 ಮೀಟರಿಗೆ ಬಂದ ಮೇಲೆ ಹಾಕುತ್ತೇನೆ. ತಳದಲ್ಲೇ ಬಿಸಿ ಮಾಡಿಕೊಂಡು, ಡಿಕಂಪ್ರೆಷನ್ ನಡುವೆ ಬ್ಯಾಟರಿ ಸತ್ತರೆ, ಆ ವರದಿಯ 32ರಲ್ಲಿ 7ರ ಕಡೆಗೆ ಸೇರಿದಂತೆ. ವೆಸ್ಟ್ ಇಲ್ಲದೆಯೂ ಮುಗಿಸಬಲ್ಲಷ್ಟು ಅಂಡರ್‌ಸೂಟ್ ಇದ್ದರಷ್ಟೇ ವೆಸ್ಟ್ ತಗೊಳ್ಳಿ.

ಮೂತ್ರದ ವಿಷಯವನ್ನೂ ನಾಚದೆ ಹೇಳಬೇಕು. ಸೂಟ್ ಒದ್ದೆಯಾದೀತೆಂದು ನೀರು ಕುಡಿಯದೆ ಇಳಿಯುವುದು ಅಪಾಯ, ಮೈಯಲ್ಲಿ ನೀರಿನಂಶ ಕಡಿಮೆಯಾಗುವುದು ಡಿಕಂಪ್ರೆಷನ್‌ಗೆ ಒಳ್ಳೆಯದಲ್ಲ. ಡೈಪರ್ ಒಂದು ಮಟ್ಟಿಗೆ ಆದೀತು. ಲಾಂಗ್ ಡೈವ್‌ಗೆ ಸೂಟಿನಿಂದ ಮೂತ್ರ ಹೊರಬಿಡುವ ಪೀ ವಾಲ್ವ್ ಕೂರಿಸಿಕೊಳ್ಳಿ.

ರೆಗ್ಯುಲೇಟರ್‌ನಲ್ಲಿ ಹೆಚ್ಚು ಯೋಚಿಸುವುದಿಲ್ಲ. ಯುರೋಪಿನ ಇಎನ್ 250 ಮಾನದಂಡದ ತಣ್ಣೀರಿನ ಪರೀಕ್ಷೆ ದಾಟದವುಗಳ ಮೇಲೆ 10 ಡಿಗ್ರಿಗಿಂತ ಮೇಲಿನ ನೀರಿಗೆ ಮಾತ್ರ ಎಂಬ ಗುರುತಿರುತ್ತದೆ, ಅವನ್ನು ಬಿಟ್ಟುಬಿಡಿ. ನೀರು ಒಳಸೇರದಂತೆ ಸೀಲ್ ಮಾಡಿದ ಡಯಾಫ್ರಾಮ್ ಫಸ್ಟ್ ಸ್ಟೇಜ್ (ರೆಗ್ಯುಲೇಟರ್‌ನಲ್ಲಿ ಸಿಲಿಂಡರಿಗೆ ಸೇರುವ ಭಾಗ) ನನ್ನ ಆಯ್ಕೆ. ಸೀಲ್ ಇಲ್ಲದ ಪಿಸ್ಟನ್ ಮಾದರಿ ಬೆಚ್ಚನೆ ನೀರಿಗೆ ಚೆಂದ. ಇಲ್ಲಿ ಹಿಗ್ಗುವ ಅನಿಲದ ತಂಪಿಗೆ ಸುತ್ತಲಿನ ನೀರೇ ಗಟ್ಟಿಕಟ್ಟಿ ಗಾಳಿ ನಿಲ್ಲದೆ ಸುರಿಯಬಹುದು. ಯಾವುದೇ ಇರಲಿ, ನೀರಿಗೆ ಬಾಯಿ ತಾಗುವ ಮುಂಚೆ ದೋಣಿಯ ಮೇಲಿನ ಚಳಿಗಾಳಿಯಲ್ಲಿ ಅದನ್ನು ಎಳೆದೆಳೆದು ಪರೀಕ್ಷಿಸಬೇಡಿ.