ಕೇಬಲ್ ಸಿಕ್ಕಿತು, ಪೈಪು ಸಿಗಲಿಲ್ಲ

ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿ ಮಳೆನೀರಿಗೆ ಇಂಗುಗುಂಡಿ ತೆಗೆಸಬೇಕಿತ್ತು. ಬೋರ್‌ವೆಲ್ ಮೋಟರಿನ ಕೇಬಲ್ ಅದೇ ಕಡೆ ಎಲ್ಲೋ ಹೋಗುತ್ತದೆ. ಎಲ್ಲಿ ಅಂತ ಗೊತ್ತಿದ್ದವರು ಅಪ್ಪ ಒಬ್ಬರೇ, ಅವರು ಈಗಿಲ್ಲ. ಮೇಸ್ತ್ರಿ "ಅಗೆದು ನೋಡೋಣ ಬಿಡಿ ಸಾರ್" ಅಂದರು. ಹಿಂದೊಮ್ಮೆ ಹೀಗೇ ಅಗೆದು ನೋಡಲು ಹೋಗಿ ಸಂಪಿನ ಪೈಪು ಒಡೆದದ್ದು ನೆನಪಿತ್ತು. ಅದಕ್ಕೇ ಮಷೀನಿನಲ್ಲಿ ಕೇಬಲ್ ಪತ್ತೆ ಮಾಡುವವರನ್ನು ಕರೆಸಿದೆ. ಇಬ್ಬರು ಹುಡುಗರು, ಎರಡು ಗಂಟೆ, 3,500 ರೂಪಾಯಿ.

ಕೇಬಲ್ ಹುಡುಕಿದ ರೀತಿ ಮಾತ್ರ ನೋಡುವಂತಿತ್ತು. ಮೊದಲು ಮೇನ್ ಆಫ್ ಮಾಡಿಸಿ, ಸ್ಟಾರ್ಟರ್ ಬಾಕ್ಸಿನಲ್ಲಿ ಕೇಬಲ್ ಬಿಚ್ಚಿ, ಒಂದು ಎಳೆಗೆ ಸಿಗ್ನಲ್ ಕಳಿಸುವ ಟ್ರಾನ್ಸ್‌ಮಿಟರಿನ ಕ್ಲಿಪ್ ಹಾಕಿದರು. ಇನ್ನೊಂದು ಕ್ಲಿಪ್ ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ. ನೆಲ ಒಣಗಿತ್ತು, ಗೂಟದ ಬುಡಕ್ಕೆ ಹಾಕಲು ಒಂದು ಚೊಂಬು ನೀರು ಕೇಳಿದರು. ಅಮ್ಮ ಪೂಜೆಗೆ ಅಂದುಕೊಂಡು ಹೂವೂ ತಂದುಕೊಟ್ಟರು!

ಆಮೇಲೆ ಆ ಸಿಗ್ನಲ್ ಕೇಳುವ ಕೋಲಿನಂಥ ರಿಸೀವರ್ ಹಿಡಿದು ನಡೆದರು. ಮೊದಲ ಸಲ ಸಿಗ್ನಲಿನ ಫ್ರೀಕ್ವೆನ್ಸಿ 33 ಕಿಲೋಹರ್ಟ್ಸ್ ಇಟ್ಟಿದ್ದರು, ಮಷೀನು ತೋರಿಸಿದ ಗೆರೆ ಸೀದಾ ಪಕ್ಕದ ಹಳೇ ಜಿಐ (ಕಬ್ಬಿಣದ) ಪೈಪಿನ ಕಡೆ ವಾಲಿತು. ನಾನಾಗಿದ್ದರೆ ಅಲ್ಲೇ ಗುರುತಿಗೆ ಸುಣ್ಣ ಹಾಕಿಸಿ ಮುಗಿಸುತ್ತಿದ್ದೆ. ದೊಡ್ಡ ಹುಡುಗನಿಗೆ ಅನುಮಾನ ಬಂತು. ಫ್ರೀಕ್ವೆನ್ಸಿ ಜಾಸ್ತಿ ಆದಷ್ಟೂ ಸಿಗ್ನಲ್ ಪಕ್ಕದ ಲೋಹಕ್ಕೆ ಹಾರುತ್ತದೆ ಅಂತ ಹೇಳಿ, 8ಕ್ಕೆ ಇಳಿಸಿ ಮತ್ತೆ ನಡೆದ. ರಿಸೀವರಿನ ಒಂದು ಸೆಟ್ಟಿಂಗಿನಲ್ಲಿ ಕೇಬಲ್ ಮೇಲೆ ಬಂದಾಗ ಸದ್ದು ಜೋರಾಗುತ್ತದೆ, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಸದ್ದು ಅಡಗುತ್ತದೆ. ಎರಡೂ ಒಂದೇ ಕಡೆ ತೋರಿಸಿದರೆ ಮಾತ್ರ ಸುಣ್ಣ ಹಾಕಿದ, ಇಲ್ಲದಿದ್ದರೆ ಇಲ್ಲ. ಆಳ 48 ಸೆಂಟಿಮೀಟರ್ ಅಂತ ಬಂತು. ಅದು ಅಂದಾಜು, ಮೇಲಾಗಿ ಕೇಬಲಿನ ನಡುಮಧ್ಯಕ್ಕೆ ಲೆಕ್ಕ, ಗೆರೆ ಹತ್ತಿರ ಕೈಯಲ್ಲೇ ಅಗೆಯಿರಿ ಅಂದ. ಅಗೆದೆವು, ಒಂದೂವರೆ ಅಡಿಗೆ ಸಿಕ್ಕಿತು. ಬೋರ್ ಪಾಯಿಂಟ್ ನೋಡಲು ತೆಂಗಿನಕಾಯಿ ಹಿಡಿದು ಓಡಾಡಿದವರಿಗೂ ಅಪ್ಪ ದುಡ್ಡು ಕೊಟ್ಟಿದ್ದರು, ಅದಕ್ಕೆ ಹೋಲಿಸಿದರೆ ಇದು ಅಗ್ಗ.

ಈಗ ಬೇಸರದ ವಿಷಯ. ಫೋನಿನಲ್ಲಿ "ಪೈಪು, ಕೇಬಲ್ಲು ಎಲ್ಲಾ ಸಿಗುತ್ತೆ ಸಾರ್" ಅಂದಿದ್ದರು. ಬಚ್ಚಲಿನಿಂದ ಚೇಂಬರಿಗೆ ಹೋಗುವ ಪಿವಿಸಿ ಪೈಪು ತೋರಿಸಿ ಅಂದರೆ ಮುಖ ಮುಖ ನೋಡಿಕೊಂಡರು. ಈ ಮಷೀನಿಗೆ ಪೈಪು ಕಾಣುವುದಿಲ್ಲ, ಲೋಹದಲ್ಲಿ ಹರಿಯುವ ಸಿಗ್ನಲ್ ಮಾತ್ರ ಕೇಳುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಏನು ಹರಿಯುತ್ತೆ? ಪೈಪಿನೊಳಗೆ ತಂತಿ ಇರುವ ಉದ್ದನೆಯ ರಾಡ್ ತೂರಿಸಿದರೆ ಅಥವಾ ಸಿಗ್ನಲ್ ಬಿಡುವ ಚಿಕ್ಕ ಸೋಂಡ್ ಕಳಿಸಿದರೆ ಅದೂ ಸಿಗುತ್ತದೆ. ಎರಡನ್ನೂ ತಂದಿರಲಿಲ್ಲ. ಹುಡುಗರದು ತಪ್ಪಲ್ಲ, ಆಫೀಸಿನಲ್ಲಿ ಫೋನ್ ಎತ್ತಿದವರದು. "ಪೈಪು ಯಾವುದು ಸಾರ್" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು ಅಲ್ವಾ?

2023ರಲ್ಲಿ ಬಂದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಸಾಲದಾ ಅಂತ ಗೆಳೆಯ ಕೇಳಿದ. ಅದು ರಸ್ತೆ ಅಗೆಯುವವರು ಕೇಬಲ್, ಪೈಪ್‌ಲೈನ್ ಕಂಪನಿಗಳಿಗೆ ಮೊದಲೇ ತಿಳಿಸಲು. ನಮ್ಮಪ್ಪ ಕಾಂಪೌಂಡ್ ಒಳಗೆ ಹೂತ ಕೇಬಲ್ ಯಾವ ಕಂಪನಿಗೆ ಗೊತ್ತು?

ಕೇಬಲ್ ಅಥವಾ ಕಬ್ಬಿಣದ ಪೈಪಿಗಾದರೆ ಇವರನ್ನೇ ಕರೆಸುತ್ತೇನೆ. ರಾಡ್ ತಂದು ಬಚ್ಚಲ ಪೈಪನ್ನೂ ತೋರಿಸಲು 1,500 ಜಾಸ್ತಿ ಕೇಳಿದ್ದಾರೆ. ನಾನು 500 ಅಂದಿದ್ದೇನೆ, ಚೌಕಾಸಿ ಇನ್ನೂ ನಡೀತಿದೆ.