ಸೈಟೇಶನ್ ಎಣಿಸಲು ಯಾವುದು ವಾಸಿ: ಸ್ಕಾಲರ್, ಸ್ಕೋಪಸ್, ಐಸೈಟ್, ಓಪನ್‌ಅಲೆಕ್ಸ್

ಒಂದು ಪೇಪರನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಅಂದರೆ ಎಷ್ಟು ಸೈಟೇಶನ್ ಬಂದಿದೆ ಅಂತ ಎಣಿಸುವ ಆನ್‌ಲೈನ್ ಜಾಗಗಳು ಇವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಓಪನ್‌ಅಲೆಕ್ಸ್‌ಗೆ. ಒಂದೇ ಷರತ್ತು, ಸಂಶೋಧಕರ ಹತ್ತಿರ ಆರ್ಕಿಡ್ ಐಡಿ ಇರಬೇಕು. ಸೀತಾಳೆ ಹೂವಲ್ಲ ಮತ್ತೆ, ಸಂಶೋಧಕರನ್ನು ಗುರುತಿಸುವ 16 ಅಂಕಿಯ ಪುಕ್ಕಟೆ ನಂಬರು.

ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಬಡ್ತಿ ಇರಲಿ, ಪ್ರಾಜೆಕ್ಟ್ ಅರ್ಜಿ ಇರಲಿ, ಕಾಲೇಜುಗಳ ಗುಣಮಟ್ಟ ನೋಡುವ ನ್ಯಾಕ್ ಇರಲಿ, ಜೀವವಿಜ್ಞಾನದ ಮೇಷ್ಟ್ರುಗಳೆಲ್ಲ ಫಾರಂ ಹಿಡಿದು ನನ್ನ ಟೇಬಲ್ಲಿಗೇ ಬರುತ್ತಾರೆ. ಎಷ್ಟು ಪೇಪರ್, ಎಷ್ಟು ಸೈಟೇಶನ್, ಎರಡನ್ನೂ ಸೇರಿಸಿ ಅಳೆಯುವ ಎಚ್-ಇಂಡೆಕ್ಸ್ ಎಷ್ಟು, ಯಾರ್ಯಾರ ಜತೆ ಕೆಲಸ ಮಾಡಿದ್ದೀರಿ, ಇಷ್ಟೇ ಕಾಲಂಗಳು.

ಒಂದು ಸಲ ಈ ಕೆಲಸ ಹೊರಗಿನ ಏಜೆನ್ಸಿಗೆ ಹೋಯಿತು. ಹದಿನೆಂಟು ಸಾವಿರ ರೂಪಾಯಿಗೆ ಬಣ್ಣ ಬಣ್ಣದ ಪಿಡಿಎಫ್ ಬಂತು. ನೋಡಲು ಚೆನ್ನಾಗಿಯೇ ಇತ್ತು. ಅಡಿಕೆ ರೋಗಗಳ ಮೇಲೆ ಕೆಲಸ ಮಾಡುವ ಮೇಡಂ ತಮ್ಮ ಪುಟ ತೆಗೆದು ನೋಡಿ, "ಸರ್, ಇಲ್ಲಿ ಹೃದಯದ ಆಪರೇಷನ್ ಬಗ್ಗೆ ಪೇಪರ್ ಇದೆ, ನಾನ್ಯಾವಾಗ ಮಾಡಿದೆ?" ಅಂದರು. ಅವರು ಪಿಎಚ್‌ಡಿ ಮಾಡುವಾಗ ಬರೆದ ಪೇಪರ್‌ಗಳು ಮಾತ್ರ ಅದರಲ್ಲಿ ಒಂದೂ ಇರಲಿಲ್ಲ. ಏಜೆನ್ಸಿಯವರು ತಿದ್ದಿಕೊಡಲು ಮತ್ತೆ ದುಡ್ಡು ಕೇಳಿದರು. ಆಮೇಲೆ ನಾನೇ ಕೂತು, ಅದೇ ಹೆಸರುಗಳನ್ನು ಒಂದೊಂದು ಕಡೆಯೂ ಹಾಕಿ ನೋಡಿದೆ.

ನೋಡಿದಾಗ ಗೊತ್ತಾಗಿದ್ದು ಏನೆಂದರೆ, ಕಷ್ಟ ಇರುವುದು ಲೆಕ್ಕದಲ್ಲಲ್ಲ, ನಮ್ಮ ಹೆಸರುಗಳಲ್ಲಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ.

ಶ್ವೇತಾ ಎಚ್.ಟಿ. ಅಂತ ಒಬ್ಬರು ಇದ್ದಾರೆ ಅಂದುಕೊಳ್ಳಿ. ಎಚ್ ಅಂದರೆ ಹೊಸಳ್ಳಿ, ಟಿ ಅಂದರೆ ಅಪ್ಪ ತಿಮ್ಮಪ್ಪ. ನಮಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ಆದರೆ ಜರ್ನಲ್ಲಿನ ಆನ್‌ಲೈನ್ ಫಾರಂ ಲಾಸ್ಟ್ ನೇಮ್ ಕೇಳುತ್ತದೆ, ಆ ಕಾಲಂ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಒಂದು ಸಲ ಎಚ್.ಟಿ. ಅಂತಲೇ ತುಂಬುತ್ತಾರೆ. ಇನ್ನೊಂದು ಸಲ ತಿಮ್ಮಪ್ಪ ಅಂತ ಹಾಕುತ್ತಾರೆ. ಆಗ ಸೈಟೇಶನ್ನಿನಲ್ಲಿ ಅಪ್ಪನೇ ವಿಜ್ಞಾನಿ, ಮಗಳು ಬರೀ ಇನಿಷಿಯಲ್. ಮದುವೆಯಾದ ಮೇಲೆ ಕೆಲವರು ಟಿ ತೆಗೆದು ಗಂಡನ ಹೆಸರು ಸೇರಿಸುತ್ತಾರೆ, ಅದು ಮೂರನೇ ಅವತಾರ. ಸಾಲದ್ದಕ್ಕೆ ಸ್ಪೆಲಿಂಗು. ಶ್ವೇತಾದ 'ತ'ಕ್ಕೆ ನಮ್ಮಲ್ಲಿ ಟಿ ಪಕ್ಕ ಎಚ್ ಹಾಕಿ ಬರೆಯುವ ರೂಢಿ. ಜತೆ ಲೇಖಕರು ಉತ್ತರದ ಕಡೆಯವರಾದರೆ ಬರೀ ಟಿ ಹಾಕಿ ಕಳಿಸಿಬಿಡುತ್ತಾರೆ. ಪ್ರೂಫ್ ಬಂದಾಗ ಯಾರೂ ಹೆಸರಿನ ಸ್ಪೆಲಿಂಗ್ ನೋಡುವುದಿಲ್ಲ, ಗ್ರಾಫ್ ನೋಡುತ್ತಾರೆ.

ಕಂಪ್ಯೂಟರಿಗೆ ಇದು ಐದು ಜನ. ಒಬ್ಬರದೇ ಇಪ್ಪತ್ತು ಪೇಪರ್ ಐದು ಕಡೆ ಹಂಚಿಹೋದರೆ ಎಚ್-ಇಂಡೆಕ್ಸ್ ಕುಸಿಯುತ್ತದೆ. ಹನ್ನೆರಡು ಪೇಪರ್‌ಗಳಿಗೆ ತಲಾ ಹನ್ನೆರಡು ಸೈಟೇಶನ್ನಾದರೂ ಬಂದಿದ್ದರೆ ಎಚ್ 12. ಅದೇ ಹನ್ನೆರಡು ಪೇಪರ್ ಐದು ಪ್ರೊಫೈಲಿಗೆ ಚೆದುರಿದರೆ ಯಾವ ಪ್ರೊಫೈಲಿನ ಎಚ್ಚೂ 12 ಆಗುವುದಿಲ್ಲ. ಇದಕ್ಕೆ ಉಲ್ಟಾ ಸಮಸ್ಯೆಯೂ ಇದೆ. ಮಂಜುನಾಥ ಎಸ್. ಅಂತ ಹುಡುಕಿದರೆ ಕರ್ನಾಟಕದ ಅರ್ಧ ಮಂಜುನಾಥರು ಒಂದೇ ಕಡೆ ಸಿಗುತ್ತಾರೆ. ಹೃದಯದ ಆಪರೇಷನ್ ಬಂದಿದ್ದು ಹಾಗೇ. ಹೆಸರನ್ನು ಮಾತ್ರ ನಂಬುವ ಯಾವ ಜಾಗವಾದರೂ ಇಲ್ಲಿ ಎಡವುತ್ತದೆ, ದುಡ್ಡು ಕೊಟ್ಟದ್ದಾಗಲಿ, ಪುಕ್ಕಟೆಯದಾಗಲಿ.

ಅದಕ್ಕೇ ಆರ್ಕಿಡ್. 2012ರಲ್ಲಿ ಶುರುವಾಗಿದ್ದು, ಲಾಭಕ್ಕಾಗಿ ನಡೆಯದ ಸಂಸ್ಥೆ. ಅಳತೆಯನ್ನೇನೂ ಕೊಡುವುದಿಲ್ಲ, ಈ ಪೇಪರ್‌ಗಳು ಈ ಮನುಷ್ಯರವು ಅಂತ ಗಂಟು ಹಾಕುತ್ತದೆ ಅಷ್ಟೆ. ಹೆಸರಿನ ಬೇರೆ ಬೇರೆ ರೂಪಗಳನ್ನೂ ಅದರಲ್ಲಿ ಬರೆದಿಡಬಹುದು. ನಮ್ಮ ಮೇಡಂ ಹಳೇ ಪೇಪರ್‌ಗಳನ್ನೆಲ್ಲ ಅದಕ್ಕೆ ಸೇರಿಸಿದ ಮೇಲೆಯೇ ನನ್ನ ಹೋಲಿಕೆಗೆ ಅರ್ಥ ಬಂದಿದ್ದು.

ಈಗ ಒಂದೊಂದಾಗಿ ನೋಡೋಣ.

ಗೂಗಲ್ ಸ್ಕಾಲರ್ ಎಲ್ಲರಿಗೂ ಇಷ್ಟ, ಯಾಕೆಂದರೆ ನಂಬರು ದೊಡ್ಡದು ಬರುತ್ತದೆ. ಜರ್ನಲ್ ಪೇಪರ್, ಪ್ರಬಂಧ, ಪುಸ್ತಕ, ಸೆಮಿನಾರ್ ಪ್ರತಿ, ಜರ್ನಲ್ಲಿಗಿಂತ ಮೊದಲೇ ನೆಟ್ಟಿಗೆ ಹಾಕಿದ ಪ್ರಿಪ್ರಿಂಟ್, ಎಲ್ಲವನ್ನೂ ಎಣಿಸುತ್ತದೆ. ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ವಿಂಗಡಿಸದೆ ಒಂದೇ ತಕ್ಕಡಿಗೆ ಸುರಿದ ಹಾಗೆ. ತೂಕ ಸರಿಯೇ, ಯಾವುದು ಎಷ್ಟು ಅಂತ ಗೊತ್ತಾಗುವುದಿಲ್ಲ. ಆದರೂ ಅಡಿಕೆ, ಕಾಳುಮೆಣಸು, ಏಲಕ್ಕಿ ಮೇಲೆ ಕೆಲಸ ಮಾಡುವವರಿಗೆ ಇದನ್ನು ಬಿಡಲಾಗದು. ಅವರ ಪೇಪರ್‌ಗಳನ್ನು ಉಲ್ಲೇಖಿಸುವವರಲ್ಲಿ ಬೇಕಾದಷ್ಟು ಜನ ನಮ್ಮ ದೇಶದ ಸಣ್ಣ ಜರ್ನಲ್‌ಗಳಲ್ಲಿ, ಪ್ರಬಂಧಗಳಲ್ಲಿ ಬರೆಯುವವರು. ಅದನ್ನೆಲ್ಲ ಹಿಡಿಯುವುದು ಸ್ಕಾಲರ್ ಒಂದೇ. ನನಗೆ ಆಗಿಬರದಿದ್ದು ಬೇರೆ ಕಾರಣಕ್ಕೆ. ನಾನು ಎಲ್ಲವನ್ನೂ ಎಕ್ಸೆಲ್ಲಿಗೆ ಹಾಕಿಕೊಂಡು ನೋಡುವವನು. ಇಡೀ ವಿಭಾಗದ ಸೈಟೇಶನ್ ಲೆಕ್ಕವನ್ನು ಒಟ್ಟಿಗೆ ಇಳಿಸಿಕೊಳ್ಳಲು ಸ್ಕಾಲರ್ ದಾರಿ ಕೊಡುವುದಿಲ್ಲ. ಪ್ರೊಫೈಲಿಗೆ ಪೇಪರ್ ತಾನಾಗಿ ಸೇರುವ ಹಾಗೆ ಬಿಟ್ಟವರು ಆಗಾಗ ತೆಗೆದು ನೋಡಲೇಬೇಕು, ಬೇರೆ ಮಂಜುನಾಥರು ಒಳಗೆ ಬಂದಿರುತ್ತಾರೆ.

ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎರಡೂ ದುಡ್ಡಿನವು. ಜರ್ನಲ್‌ಗಳನ್ನು ಆರಿಸಿ ಸೇರಿಸಿಕೊಳ್ಳುವುದರಿಂದ ಸಮಿತಿಗಳಿಗೆ ಇವುಗಳ ಮೇಲೆ ನಂಬಿಕೆ. ವೆಬ್ ಆಫ್ ಸೈನ್ಸ್‌ನ ಬೇರು ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್‌ನಲ್ಲಿದೆ. ಸ್ಕೋಪಸ್ ಬಂದಿದ್ದು 2004ರಲ್ಲಿ. ನಮ್ಮಂಥ ಕಾಲೇಜಿನ ಬಜೆಟ್ಟಿಗೆ ಎರಡೂ ದೂರ. ಒಂದು ಗುಟ್ಟು ಹೇಳುತ್ತೇನೆ: ಒಬ್ಬ ಲೇಖಕರ ಪೇಪರ್ ಸಂಖ್ಯೆ, ಎಚ್-ಇಂಡೆಕ್ಸ್ ಮಾತ್ರ ಬೇಕಿದ್ದರೆ ಸ್ಕೋಪಸ್‌ನ ಉಚಿತ ಪುಟದಲ್ಲೇ ನೋಡಬಹುದು, ಚಂದಾ ಬೇಕಿಲ್ಲ.

ಜರ್ನಲ್ಲಿನಲ್ಲಿ ಬರದ ಹಳೇ ಕೆಲಸದ ವಿಷಯಕ್ಕೆ ಬಂದರೆ ಇವು ಯಾವುದೂ ನೆಟ್ಟಗಿಲ್ಲ. ಅಡಿಕೆಯ ಕೊಳೆರೋಗದ ಮೇಲೆ ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ಬುಲೆಟಿನ್ ಬರೆದರು. ಆ ರೋಗಕ್ಕೆ ಇವತ್ತಿಗೂ ಮಳೆಗಾಲ ಬಂದರೆ ಮಲೆನಾಡಿನಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಆ ಬುಲೆಟಿನ್ನಿನ ಪ್ರಭಾವವನ್ನು ಸೈಟೇಶನ್ ಎಣಿಸಿ ಹೇಳಲು ಹೋದರೆ ನಗೆಪಾಟಲು.

ಐಸೈಟ್ ನನಗೆ ಹೊಸದು, ನೋಡಿ ಖುಷಿಯಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಎನ್‌ಐಎಚ್‌ನದು, ಪುಕ್ಕಟೆ. ಪಬ್‌ಮೆಡ್ ಅನ್ನುವ ವೈದ್ಯಕೀಯ ಪೇಪರ್‌ಗಳ ಸೂಚಿಯಲ್ಲಿನ ನಂಬರುಗಳ ಪಟ್ಟಿ ಕೊಟ್ಟರೆ ಪ್ರತಿ ಪೇಪರಿಗೂ ಆರ್‌ಸಿಆರ್ ಅಂತ ಒಂದು ಅಂಕಿ ಕೊಡುತ್ತದೆ. ನಿಮ್ಮ ಪೇಪರಿನ ಜತೆಜತೆಗೆ ಯಾವ ಯಾವ ಪೇಪರ್‌ಗಳು ಉಲ್ಲೇಖವಾಗಿವೆಯೋ ಅವುಗಳನ್ನೇ ಅದರ ಕ್ಷೇತ್ರ ಅಂತ ಹಿಡಿದು, ಆ ಕ್ಷೇತ್ರದ ಮಟ್ಟಕ್ಕೆ ಹೋಲಿಸುತ್ತದೆ. 1 ಬಂದರೆ ಎನ್‌ಐಎಚ್ ದುಡ್ಡಿನಲ್ಲಿ ನಡೆದ ಸಾಮಾನ್ಯ ಪೇಪರಿಗೆ ಸಮ. ಈ ವಿಧಾನ ಪ್ರಕಟವಾಗಿದ್ದು 2016ರಲ್ಲಿ.

ಇದು ನಮಗೆ ಯಾಕೆ ಮುಖ್ಯ ಅಂದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಾದ ವೈರಸ್, ಉಣುಗಿನಿಂದ ಹರಡುವುದು. ಇದರ ಮೇಲೆ ಕೆಲಸ ಮಾಡುವ ಗುಂಪುಗಳು ಕಡಿಮೆ, ಹಾಗಾಗಿ ಉಲ್ಲೇಖಿಸುವವರೂ ಕಡಿಮೆ. ಕ್ಯಾನ್ಸರ್ ಪೇಪರ್‌ಗಳ ಪಕ್ಕ ಇಟ್ಟರೆ ಮಂಗನ ಕಾಯಿಲೆಯ ಒಳ್ಳೇ ಪೇಪರ್ ಕೂಡ ಕುಳ್ಳಗೆ ಕಾಣುತ್ತದೆ. ಬರೀ ಸೈಟೇಶನ್ ನೋಡುವ ಸಮಿತಿ ಅಂಥವರಿಗೆ ಅನ್ಯಾಯ ಮಾಡುತ್ತದೆ, ಅಲ್ವಾ? ಆರ್‌ಸಿಆರ್ ಆ ಅನ್ಯಾಯವನ್ನು ಒಂದಷ್ಟು ಕಡಿಮೆ ಮಾಡುತ್ತದೆ. ಪೇಪರ್ ಮನುಷ್ಯರ ಕಡೆ ವಾಲಿದೆಯೋ, ಪ್ರಾಣಿಗಳ ಕಡೆಯೋ, ಅಣು-ಕೋಶಗಳ ಕಡೆಯೋ ಅಂತ ತ್ರಿಕೋನದಲ್ಲಿ ತೋರಿಸುವುದೂ ಚೆನ್ನಾಗಿದೆ. ಆದರೆ ಪಬ್‌ಮೆಡ್‌ನಲ್ಲಿ ಇಲ್ಲದ್ದು ಐಸೈಟ್‌ಗೆ ಕಾಣುವುದೇ ಇಲ್ಲ. ತೋಟಗಾರಿಕೆ, ಸಸ್ಯರೋಗದ ಪೇಪರ್‌ಗಳು ಬಹಳಷ್ಟು ಅಲ್ಲಿ ಇಲ್ಲ. ವೈರಸ್ ಮೇಷ್ಟ್ರಿಗೆ ಹಬ್ಬ, ಅಡಿಕೆ ಮೇಡಂಗೆ ಹೆಚ್ಚುಕಡಿಮೆ ಖಾಲಿ ಪುಟ.

ಇನ್ನು ನನ್ನ ಮೆಚ್ಚಿನದು. ಇಂಥದ್ದೇ ಆಗಿದ್ದ ಮೈಕ್ರೋಸಾಫ್ಟ್ ಅಕಾಡೆಮಿಕ್ 2021ರ ಕೊನೆಗೆ ಮುಚ್ಚಿತು. ಆ ಜಾಗಕ್ಕೆ 2022ರ ಜನವರಿಯಲ್ಲಿ ಬಂದಿದ್ದು ಓಪನ್‌ಅಲೆಕ್ಸ್. ಮಾಹಿತಿಯ ಮೇಲೆ ಯಾರ ಹಕ್ಕೂ ಇಲ್ಲ, ಯಾರು ಬೇಕಾದರೂ ಬಳಸಬಹುದು. ಆರ್ಕಿಡ್ ನಂಬರ್ ಹಾಕಿ ಹುಡುಕಿದರೆ ಹೆಸರಿನ ರಗಳೆ ಬಹುಪಾಲು ತಪ್ಪುತ್ತದೆ. ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಂಡರೆ ಸೀದಾ ಎಕ್ಸೆಲ್. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಕೈಕೊಡುವ ಊರಲ್ಲಿ ಫೈಲ್ ಒಂದು ಕೈಯಲ್ಲಿದ್ದರೆ ಧೈರ್ಯ. ಕ್ಷೇತ್ರ, ವರ್ಷ, ಪೇಪರಿನ ಬಗೆ ನೋಡಿ ಜಗತ್ತಿನ ಸರಾಸರಿಗೆ ಹೋಲಿಸುವ ಅಂಕಿಯೂ ಸಿಗುತ್ತದೆ. ಹಾಗಾಗಿ ಐಸೈಟ್ ಕೈಬಿಟ್ಟ ಅಡಿಕೆ ಮೇಡಂಗೆ ಇಲ್ಲಿ ಆಸರೆ. ಡಿಒಐ, ಅಂದರೆ ಲೇಖನಕ್ಕೆ ಕೊಡುವ ಕಾಯಂ ಗುರುತಿನ ನಂಬರು, ಇಲ್ಲದ ಲೇಖನಗಳು ತಪ್ಪಿಹೋಗುವುದು ಇದರಲ್ಲಿ ಜಾಸ್ತಿ. ಅದಕ್ಕೆ ಸ್ಕಾಲರ್ ಪಟ್ಟಿ ಪಕ್ಕದಲ್ಲಿ ಇಟ್ಟುಕೊಂಡು ಟಿಕ್ ಹಾಕುತ್ತೇನೆ.

ಯಾರ ಜತೆ ಕೆಲಸ ಮಾಡಿದ್ದಾರೆ ಅನ್ನುವ ಕಾಲಮ್ಮಿಗೆ ವಿಒಎಸ್‌ವ್ಯೂವರ್ ಅನ್ನುವ ಸಾಫ್ಟ್‌ವೇರ್ ಸಾಕು. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ್ದು, ದುಡ್ಡಿಲ್ಲ. ಓಪನ್‌ಅಲೆಕ್ಸ್‌ನಿಂದಲೇ ಮಾಹಿತಿ ತಗೊಂಡು ಜತೆ ಲೇಖಕರ ನಕ್ಷೆ ಬಿಡಿಸುತ್ತದೆ. ಒಂದೇ ತಾಪತ್ರಯ, ನಮ್ಮ ಊರಿನದೇ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಶಿವಮೊಗ್ಗ. ಅದಕ್ಕೂ ಹಿಂದಿನ ಪೇಪರ್‌ಗಳಲ್ಲಿ ವಿಳಾಸ ಶಿಮೊಗ, ಈಗಲೂ ಕೆಲವರು ಹಾಗೇ ಬರೆಯುತ್ತಾರೆ. ವಿಳಾಸ ಹಿಡಿದು ಹುಡುಕುವಾಗ ಎರಡನ್ನೂ ಹಾಕದಿದ್ದರೆ ಅರ್ಧ ಕೆಲಸ ಮಾಯ. ಬೆಂಗಳೂರು, ಮೈಸೂರು, ಎಲ್ಲಾ ಊರಿನದೂ ಇದೇ ಕಥೆ. ಲೇಖಕರ ಹೆಸರಿನ ನಾಲ್ಕೈದು ರೂಪಗಳನ್ನು ಒಂದು ಮಾಡಲು ಈ ಸಾಫ್ಟ್‌ವೇರ್‌ಗೆ ಸಣ್ಣ ಪಟ್ಟಿ ಕೊಡಬಹುದು, ಎಡಗಡೆ ತಪ್ಪು ರೂಪ, ಬಲಗಡೆ ಸರಿಯಾದ್ದು. ನಾನು ಅದನ್ನು ನೋಟ್‌ಪ್ಯಾಡಿನಲ್ಲಿ ಇಟ್ಟುಕೊಂಡಿದ್ದೇನೆ.

ಹಾಗಂತ ಒಬ್ಬರನ್ನು ಇನ್ನೊಬ್ಬರ ಜತೆ ತೂಗಲು ಈ ಅಂಕಿಗಳನ್ನು ಕೊಡುವುದು ನನಗೆ ಇಷ್ಟವಿಲ್ಲ. ಎಚ್-ಇಂಡೆಕ್ಸ್ ಕೊಟ್ಟ ಹೋರ್ಹೆ ಹಿರ್ಷ್ ಭೌತವಿಜ್ಞಾನಿ. ಜೀವವಿಜ್ಞಾನದಲ್ಲಿ ಮುಂಚೂಣಿಯಲ್ಲಿ ಇರುವವರ ಎಚ್ ಭೌತವಿಜ್ಞಾನದವರಿಗಿಂತ ಹೆಚ್ಚಿರುತ್ತದೆ ಅಂತ, ಎಚ್-ಇಂಡೆಕ್ಸ್ ಪರಿಚಯಿಸಿದ 2005ರ ಲೇಖನದಲ್ಲೇ ಬರೆದಿದ್ದಾರೆ. ನಮ್ಮಲ್ಲಿ ಫಿಸಿಕ್ಸ್ ಮೇಷ್ಟ್ರನ್ನೂ ಜುವಾಲಜಿ ಮೇಷ್ಟ್ರನ್ನೂ ಒಂದೇ ಪಟ್ಟಿಯಲ್ಲಿ ಇಳಿಕೆ ಕ್ರಮದಲ್ಲಿ ಜೋಡಿಸಿ ಕೇಳುತ್ತಾರೆ. ನೂರಾರು ಲೇಖಕರ ಒಂದು ದೊಡ್ಡ ಪೇಪರಿನಲ್ಲಿ ಹೆಸರಿದ್ದರೆ ಒಟ್ಟು ಸೈಟೇಶನ್ ಏರಿಬಿಡುತ್ತದೆ, ಅದನ್ನೂ ಕೇಳುವವರಿಲ್ಲ.

ಚಂದಾ ಕಟ್ಟುವ ತಾಕತ್ತಿರುವ ವಿಶ್ವವಿದ್ಯಾಲಯದವರು ವೆಬ್ ಆಫ್ ಸೈನ್ಸ್ ಇಟ್ಟುಕೊಳ್ಳಲಿ, ಹಳೇ ಸೈಟೇಶನ್ ಹುಡುಕಲು ಅದು ಒಳ್ಳೆಯದೇ. ನನ್ನಂಥವರಿಗೆ ಆರ್ಕಿಡ್, ಓಪನ್‌ಅಲೆಕ್ಸ್ ಸಾಕು. ವೈದ್ಯಕೀಯದ ಕಡೆಯವರಾದರೆ ಐಸೈಟ್ ಸೇರಿಸಿಕೊಳ್ಳಿ. ಸ್ಕೋಪಸ್ ಅಂಕಿಯೇ ಬೇಕು ಅನ್ನುವ ಫಾರಂ ಬಂದರೆ ಆ ಉಚಿತ ಪುಟದಿಂದ ಬರೆದು, ಪಕ್ಕದಲ್ಲಿ ನೋಡಿದ ದಿನಾಂಕ ಹಾಕಿ ಕೊಡುತ್ತೇನೆ. ಆರು ತಿಂಗಳು ಬಿಟ್ಟು ಬೇರೆ ಅಂಕಿ ಬಂತು ಅಂತ ಯಾರಾದರೂ ಫೈಲ್ ವಾಪಸ್ ಕಳಿಸಿದರೆ ಆ ದಿನಾಂಕವೇ ಉತ್ತರ.