ಖಾಲಿ ಹಳ್ಳಿಯ ಜಾತಕ: ಸೋವಿಯತ್ ಸೇನೆಯ ‘ಕಿಲೊಮೆಟ್ರೊವ್ಕಾ’ ನಕ್ಷೆ ಹೇಗಿದೆ?

ರಷ್ಯಾದ ನದಿ ದಂಡೆಯಲ್ಲಿ ನಾಲ್ಕೈದು ಮರದ ಮನೆಗಳಷ್ಟೇ ಉಳಿದಿರುವ ಹಳ್ಳಿಯೊಂದರ ಹಿಂದುಮುಂದು ತಿಳಿಯಬೇಕೆಂದರೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸೋವಿಯತ್ ಜನರಲ್ ಸ್ಟಾಫ್‌ನ 1:1,00,000 ನಕ್ಷೆ. ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಆದ್ದರಿಂದ ರಷ್ಯನ್ನರ ಬಾಯಲ್ಲಿ ಇದು ‘ಕಿಲೊಮೆಟ್ರೊವ್ಕಾ’. ಉಪಗ್ರಹ ಚಿತ್ರದಲ್ಲಿ ಛಾವಣಿ ಕಾಣುತ್ತದೆ, ಅಷ್ಟೆ. ಊರು ಅಲ್ಲೇ ಯಾಕಿತ್ತು, ಯಾಕೆ ಬರಿದಾಯಿತು ಎಂಬುದಕ್ಕೆ ಸುಳಿವು ಸಿಗುವುದು ಈ ಹಾಳೆಯಲ್ಲಿ. ಆದರೆ ಓದುವ ಕ್ರಮ ಗೊತ್ತಿಲ್ಲದವರಿಗೆ ಇದು ಚೆನ್ನಾಗಿಯೇ ಟೋಪಿ ಹಾಕುತ್ತದೆ.

ಹಾಳೆ ಹುಡುಕುವುದು ಬರೀ ಲೆಕ್ಕದ ಕೆಲಸ. 4 ಡಿಗ್ರಿ ಅಕ್ಷಾಂಶ, 6 ಡಿಗ್ರಿ ರೇಖಾಂಶದ ಒಂದೊಂದು ಚೌಕವನ್ನೂ 144 ತುಂಡು ಮಾಡಿದ್ದಾರೆ. ಒಂದು ತುಂಡಿಗೆ 20 ಮಿನಿಟ್ ಅಕ್ಷಾಂಶ, 30 ಮಿನಿಟ್ ರೇಖಾಂಶ. ಎಣಿಕೆ ವಾಯವ್ಯ ಮೂಲೆಯಿಂದ ಶುರು, ಸಾಲಿಗೆ 12. ಕೊಸ್ತ್ರೊಮಾ ಪ್ರಾಂತ್ಯದಲ್ಲಿ ಉಂಝಾ ನದಿಯ ಮೇಲಿರುವ ಕೊಲೊಗ್ರಿವ್ ಪಟ್ಟಣವನ್ನೇ ತೆಗೆದುಕೊಳ್ಳಿ: 58°49′ ಉತ್ತರ, 44°19′ ಪೂರ್ವ. 56ರಿಂದ 60 ಡಿಗ್ರಿಯ ಪಟ್ಟಿಗೆ ‘ಒ’ ಅಕ್ಷರ, 42ರಿಂದ 48ರ ಕಂಬಕ್ಕೆ 38. ಮೇಲಿನಿಂದ ನಾಲ್ಕನೇ ಸಾಲಿನ ಐದನೇ ಮನೆ ಅಂದರೆ ಮೇಲಿನ ಮೂರು ಸಾಲುಗಳ 36ಕ್ಕೆ 5 ಸೇರಿ 41. ಹಾಳೆಯ ಹೆಸರು ಒ-38-41. ಉತ್ತರ ಅಕ್ಷಾಂಶ 60 ಡಿಗ್ರಿ ದಾಟಿದರೆ ಎರಡೆರಡು ಹಾಳೆ ಕೂಡಿಸಿ ಅಚ್ಚು ಹಾಕಿದ್ದಾರೆ. ಅಷ್ಟು ಉತ್ತರದ ಪಿನೆಗಾ, ಮೆಜೆನ್ ನದಿಗಳ ಹಳ್ಳಿಗಳಿಗೆ ಒಂಟಿ ಸಂಖ್ಯೆ ಹಿಡಿದು ಹುಡುಕಿದರೆ ಕೈಗೆ ಸಿಗುವುದಿಲ್ಲ.

ಎಲ್ಲರೂ ಮೊದಲು ಎಡವುವುದು ಊರಿನ ಹೆಸರಿನ ಕೆಳಗಿರುವ ಅಂಕಿಯಲ್ಲಿ. 0,03 ಎಂದಿದ್ದರೆ ಮೂವರಲ್ಲ, ಮೂವತ್ತು ಜನ. ಲೆಕ್ಕ ಸಾವಿರದಲ್ಲಿರುತ್ತದೆ, ದಶಮಾಂಶದ ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ. ಪೂರ್ಣಾಂಕ ಇದ್ದರೆ ಅದು ಮನೆಗಳ ಸಂಖ್ಯೆ. ಈ ಎರಡನ್ನು ಕಲಸಿಬಿಟ್ಟರೆ ಊರಿನ ಚರಿತ್ರೆಯೇ ತಲೆಕೆಳಗು. ‘ನೆಝಿಲ್.’ ಎಂದರೆ ಜನವಾಸವಿಲ್ಲ. ‘ಉರ್.’ ಎಂದರೆ ಉರೊಚಿಶ್ಚೆ, ಹೆಸರಷ್ಟೇ ಉಳಿದ ಜಾಗ. ಹಾಗೆಂದು ಪ್ರತಿ ‘ಉರ್.’ ಕೂಡ ಅಳಿದ ಹಳ್ಳಿಯಲ್ಲ, ಕಾಡಿನ ತುಂಡಿಗೂ ಹುಲ್ಲುಗಾವಲಿಗೂ ಅದೇ ಗುರುತು ಬಳಸಿದ್ದಾರೆ. ಹೆಸರು ರಷ್ಯನ್ ಹಳ್ಳಿಗಳ ಹೆಸರಿನಂತೆ ‘-ಒವೊ’ ಅಥವಾ ‘-ಇನೊ’ ಎಂದು ಮುಗಿದು, ಕಾಡಿನ ನಡುವೆ ಬಿಳಿ ಬಯಲು ಕಂಡು, ಅದರವರೆಗೆ ದಾರಿಯ ಗೆರೆಯೂ ಬಂದಿದ್ದರೆ ಹಿಂದೆ ಊರಿದ್ದ ಸಂಭವ ಹೆಚ್ಚು.

ನದಿಯ ಬರಹಗಳು ಈ ನಕ್ಷೆಯ ಬಂಗಾರ. ನೀಲಿ ಭಿನ್ನರಾಶಿಯ ಮೇಲೆ 110, ಕೆಳಗೆ 1,2, ಪಕ್ಕದಲ್ಲಿ ‘ಪ’ ಎಂದಿದ್ದರೆ ಹರಹು 110 ಮೀಟರ್, ಆಳ 1.2 ಮೀಟರ್, ತಳ ಮರಳು. ‘ಕ’ ಇದ್ದರೆ ಕಲ್ಲು, ‘ತ’ ಇದ್ದರೆ ಗಟ್ಟಿ ನೆಲ, ‘ವ’ ಇದ್ದರೆ ಕಾಲು ಹುಗಿಯುವ ಕೆಸರು. ಬಾಣದ ಮೇಲಿನ 0,4 ಸೆಕೆಂಡಿಗೆ ಎಷ್ಟು ಮೀಟರ್ ಹರಿವು ಎಂಬುದನ್ನು ಹೇಳುತ್ತದೆ. ‘ಬ್ರ್.’ ಕಾಲ್ನಡೆಯಲ್ಲಿ ದಾಟುವ ಕಡವು, ‘ಪಾರ್.’ ದೋಣಿ ಕಟ್ಟೆ. ಸೇತುವೆಗೆ ‘ದ’ ಜೊತೆ 24-4, ಕೆಳಗೆ 5 ಇದ್ದರೆ ಮರದ ಸೇತುವೆ, ಉದ್ದ 24 ಮೀಟರ್, ಅಗಲ 4, ಹೊರುವುದು 5 ಟನ್. ಇವೆಲ್ಲ ಬೇಸಿಗೆಯ ತಗ್ಗು ನೀರಿನ ಲೆಕ್ಕ ಎಂಬುದನ್ನು ಮರೆಯಬೇಡಿ. ಹಿಮ ಕರಗುವಾಗ ನದಿಯ ಮೇಲಿನ ಮಂಜುಗಡ್ಡೆಯ ಹಾಸು ಒಡೆದು ಹರಿಯುತ್ತದೆ, ಶರತ್ಕಾಲದಲ್ಲಿ ನೀರು ಹೆಪ್ಪುಗಟ್ಟತೊಡಗುತ್ತದೆ. ಆ ಎರಡೂ ಹೊತ್ತಿನಲ್ಲಿ ಕಡವೂ ಇಲ್ಲ, ದೋಣಿಯೂ ಇಲ್ಲ. ರಸ್ತೆ ಆಚೆ ದಂಡೆಯಲ್ಲಿ, ಊರು ಈಚೆ ದಂಡೆಯಲ್ಲಿ, ನಡುವೆ ‘ಪಾರ್.’ ಮಾತ್ರ ಕಂಡರೆ ಆ ಊರಿನ ಕಷ್ಟ ಅಲ್ಲೇ ಬರೆದಿದೆ.

ದಂಡೆಯ ಎತ್ತರದ ವಿಷಯದಲ್ಲಿ ಮಾತ್ರ ನಕ್ಷೆ ಸೋಲುತ್ತದೆ. ಸಮೋನ್ನತಿ ರೇಖೆಗಳ ನಡುವಿನ ಅಂತರ 20 ಮೀಟರ್. ಮನೆಗಳನ್ನು ಪ್ರವಾಹದಿಂದ ಕಾಪಾಡಿದ ಎಂಟು ಹತ್ತು ಮೀಟರ್ ದಿಬ್ಬ ಎರಡು ಗೆರೆಗಳ ನಡುವೆ ಮಾಯವಾಗಬಹುದು. ಅದಕ್ಕೆ 1:50,000 ಹಾಳೆಯೇ ಬೇಕು, ಅದರಲ್ಲಿ ಅಂತರ 10 ಮೀಟರ್.

ಊರು ಬರಿದಾದ ಬಗೆ ತಿಳಿಯಲು ಒಂದೇ ಹಾಳೆಯ ಎರಡು ಮುದ್ರಣಗಳನ್ನು ಪಕ್ಕಪಕ್ಕ ಇಡಿ. ‘ಶ್ಕ್.’ ಅಂದರೆ ಶಾಲೆ, ‘ಎಮ್‌ಟಿಎಫ್’ ಅಂದರೆ ಸಾಮೂಹಿಕ ಹೈನು ಕೊಟ್ಟಿಗೆ. ಈ ಎರಡರಲ್ಲಿ ಯಾವುದು ಮೊದಲು ಅಳಿಯಿತು ನೋಡಿ. 1960ರ ದಶಕದಿಂದ ಸಣ್ಣ ಹಳ್ಳಿಗಳಿಗೆ ‘ನೆಪೆರ್‌ಸ್ಪೆಕ್ತಿವ್ನಯಾ’, ಅಂದರೆ ಮುಂದೆ ಬಾಳದ ಊರು, ಎಂಬ ಹಣೆಪಟ್ಟಿ ಅಂಟಿಸಿ ಜನರನ್ನು ದೊಡ್ಡ ಊರುಗಳಿಗೆ ಸೇರಿಸುವ ಯೋಜನೆ ನಡೆಯಿತು. ಕಪ್ಪುಮಣ್ಣಿಲ್ಲದ ಪ್ರಾಂತ್ಯಗಳ ಬಗ್ಗೆ 1974ರಲ್ಲಿ ಬಂದ ಸರ್ಕಾರಿ ನಿರ್ಣಯ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಉಂಝಾದಂಥ ನದಿಗಳಲ್ಲಿ ಮರದ ದಿಮ್ಮಿ ತೇಲಿಬಿಡುವ ಕೆಲಸ ನಿಂತದ್ದು ಇನ್ನೊಂದು ಪೆಟ್ಟು. 2010ರ ಜನಗಣತಿಯ ಹೊತ್ತಿಗೆ ರಷ್ಯಾದ ಸುಮಾರು 1,53,000 ಗ್ರಾಮಗಳಲ್ಲಿ 19,000ಕ್ಕೂ ಹೆಚ್ಚು ಗ್ರಾಮಗಳಲ್ಲಿ ಒಬ್ಬರೂ ಇರಲಿಲ್ಲ. ಅವುಗಳಲ್ಲಿ ಎಷ್ಟೋ ಊರುಗಳು ಈ ಹಾಳೆಗಳಲ್ಲಿ ಇನ್ನೂ ಜನರಿರುವಂತೆಯೇ ಕಾಣುತ್ತವೆ.

ಮೊಬೈಲಿನಲ್ಲಿ ಬಳಸುವವರು ನಿರ್ದೇಶಾಂಕ ವ್ಯವಸ್ಥೆ ಬದಲಿಸಲೇಬೇಕು. ನಕ್ಷೆ ಇರುವುದು ಸೋವಿಯತ್ ಕಾಲದ ಪುಲ್ಕೊವೊ 1942 ವ್ಯವಸ್ಥೆಯಲ್ಲಿ, ಅದರ ಆಧಾರ ಭೂಮಿಯ ಆಕಾರಕ್ಕೆ ಕೊಟ್ಟ ಒಂದು ಲೆಕ್ಕ, ಕ್ರಸೋವ್ಸ್ಕಿ ಎಲಿಪ್ಸಾಯ್ಡ್. ಕೊಲೊಗ್ರಿವ್ ಬರುವುದು ಆ ವ್ಯವಸ್ಥೆಯ 6 ಡಿಗ್ರಿ ಅಗಲದ ಪಟ್ಟಿಗಳಲ್ಲಿ 8ನೇ ವಲಯಕ್ಕೆ, ಅದರ ನಡುವಿನ ರೇಖಾಂಶ 45°. ನೇರವಾಗಿ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್-84 ಎಂದು ಕೊಟ್ಟರೆ ನೂರು ಮೀಟರಿಗೂ ಹೆಚ್ಚು ಜರುಗುತ್ತದೆ. ಕಾಡಿನಲ್ಲಿ ಇದು ಗೊತ್ತೇ ಆಗದು, ದಂಡೆಯ ಊರಿನಲ್ಲಾದರೆ ಚರ್ಚು ನದಿಯೊಳಗೆ ನಿಂತುಬಿಡುತ್ತದೆ.

ಹತ್ತೊಂಬತ್ತನೇ ಶತಮಾನಕ್ಕೆ ಹೋಗಬೇಕೆಂದರೆ ಕಿಲೊಮೆಟ್ರೊವ್ಕಾ ಸಾಲದು. ತ್ವೆರ್, ಯಾರೊಸ್ಲಾವ್ಲ್ ಕಡೆಯ ಹಳ್ಳಿಗಾದರೆ ಆ ಶತಮಾನದಲ್ಲಿ ಮೆಂದೆ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ ನಡೆದ ಸರ್ವೇಯ ನಕ್ಷೆ ಇದೆ, ಅದರ ಕೆಲಸ ಕೊಸ್ತ್ರೊಮಾವರೆಗೆ ಬರಲಿಲ್ಲ. ಉಂಝಾ ಹಳ್ಳಿಗಳಿಗೆ ಆ ಕಾಲದ ‘ಜನವಸತಿ ಪಟ್ಟಿ’ಗಳೇ ಗತಿ. ಯಾವ ನೀರಿನ ಬಳಿ ಊರಿದೆ, ಎಷ್ಟು ಮನೆ, ಗಂಡಸರೆಷ್ಟು, ಹೆಂಗಸರೆಷ್ಟು ಎಲ್ಲವೂ ಅವುಗಳಲ್ಲಿದೆ.

ಸ್ಕ್ಯಾನ್ ಪ್ರತಿ ಕೊಳ್ಳುವಾಗ 300 ಡಿಪಿಐಗಿಂತ ಕಡಿಮೆಯದು ಬೇಡ, ನೀಲಿ ಓರೆ ಅಕ್ಷರ ಕಲಸಿಹೋಗುತ್ತದೆ. ಅಂಚು ಕತ್ತರಿಸಿ ಅಂಟಿಸಿದ ಪ್ರತಿಗಳು ನೋಡಲು ಅಂದ, ಆದರೆ ಸರ್ವೇ ಮಾಡಿದ ವರ್ಷ, ತಿದ್ದಿದ ವರ್ಷ ಇರುವುದು ಕೆಳಗಿನ ಅಂಚಿನ ಸಣ್ಣ ಅಕ್ಷರಗಳಲ್ಲೇ. ಮೇಲೆ ದೊಡ್ಡದಾಗಿ ಕಾಣುವ ಮುದ್ರಣದ ವರ್ಷ ಅದಕ್ಕಿಂತ ಎಷ್ಟೋ ಈಚಿನದಿರಬಹುದು.